ಜೋಯಿ ರಮೋನ್ ಗೇಲಿ ಮಾಡಲಿಲ್ಲ

ಪಂಕ್ ಸಂಗೀತ ಅಂದರೆ ಚೂಪು ಕೂದಲು, ಹರಿದ ಪ್ಯಾಂಟು, ಕಿವಿ ಗುಂಯ್ ಅನ್ನಿಸುವ ಗದ್ದಲ ಅಂತ ಹೇಳುತ್ತಾರೆ. ಪೂರ್ತಿ ಸುಳ್ಳಲ್ಲ. 1974ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್ ಎಂಬಲ್ಲಿನ ಹುಡುಗರು ರಮೋನ್ಸ್ ತಂಡ ಕಟ್ಟಿದರು. ಅಣ್ಣತಮ್ಮಂದಿರೇನೂ ಅಲ್ಲ, ಆದರೂ ಎಲ್ಲರೂ ಹೆಸರಿಗೆ 'ರಮೋನ್' ಅಂತ ಸೇರಿಸಿಕೊಂಡರು. ಎರಡೇ ನಿಮಿಷದ ಹಾಡು, ವೇಗವೋ ವೇಗ. ಗಾಯಕ ಜೋಯಿ ಆರಡಿಗೂ ಮೀರಿದ ಉದ್ದನೆಯ ಆಳು. ಮುಖ ಮುಚ್ಚುವ ಕೂದಲು, ಮೇಲೊಂದು ಕಪ್ಪು ಕನ್ನಡಕ.

ಈ ಮನುಷ್ಯ ಕೊನೆಗಾಲದಲ್ಲಿ 'ವಾಟ್ ಎ ವಂಡರ್‌ಫುಲ್ ವರ್ಲ್ಡ್' ಹಾಡಿದ. ಗಿಡಮರ, ಹೂವು, ಆಕಾಶ ನೋಡಿ ಜಗತ್ತು ಎಷ್ಟು ಚೆಂದ ಅನ್ನುವ ಹಾಡು ಅದು. 1967ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಹಾಡಿದ್ದು. ಆ ವರ್ಷ ಅಮೆರಿಕದ ಡೆಟ್ರಾಯಿಟ್, ನ್ಯೂವಾರ್ಕ್ ನಗರಗಳು ಗಲಭೆಯಲ್ಲಿ ಉರಿದಿದ್ದವು, ವಿಯೆಟ್ನಾಂ ಯುದ್ಧ ನಡೆದಿತ್ತು. ಅಮೆರಿಕದಲ್ಲಿ ಆಗ ಅದನ್ನು ಕೊಂಡವರೇ ಕಡಿಮೆ. 1968ರಲ್ಲಿ ಬ್ರಿಟನ್ನಿನಲ್ಲಿ ಮಾತ್ರ ಮೊದಲ ಸ್ಥಾನಕ್ಕೇರಿತು.

ಪಂಕ್‌ನವರು ಇಂಥ ಹಾಡು ಮುಟ್ಟಿದರೆ ಗೇಲಿಗೇ ಅಂತ ಯಾರಿಗಾದರೂ ಅನ್ನಿಸುತ್ತದೆ. 1978ರಲ್ಲಿ ಸೆಕ್ಸ್ ಪಿಸ್ಟಲ್ಸ್‌ನ ಸಿಡ್ ವಿಷಸ್, ಫ್ರಾಂಕ್ ಸಿನಾತ್ರಾರ 'ಮೈ ವೇ' ಹಾಡನ್ನು ಹಾಗೇ ಆಡಿಕೊಂಡು ಹಾಡಿದ್ದ. ಅದರಲ್ಲೂ ಒಂದು ಮಜಾ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಗೇಲಿಗೆ ಧೈರ್ಯ ಇದ್ದರೆ ಸಾಕು, ನಂಬಿಕೆ ಬೇಕಿಲ್ಲ.

ಜೋಯಿ ನಂಬಿ ಹಾಡಿದ. ಅದೇ ಜೋರು ಗಿಟಾರ್, ಅದೇ ಓಟ, ಎರಡೂವರೆ ನಿಮಿಷದೊಳಗೆ ಮುಗಿಯುತ್ತದೆ. ನಮ್ಮ ಕಡೆ ಆರ್ಕೆಸ್ಟ್ರಾದವರು ಥೇಟ್ ಮೂಲ ಗಾಯಕರ ದನಿಯಲ್ಲೇ ಹಾಡಿದರೆ ಚಪ್ಪಾಳೆ. ಈತ ಆ ಗೋಜಿಗೇ ಹೋಗಲಿಲ್ಲ. ತನ್ನ ದನಿಯಲ್ಲೇ, ಇದು ತನ್ನದೇ ಮಾತು ಅನ್ನುವಂತೆ ಹಾಡಿದ. ಆಗ ಅವನ ಮೈಯಲ್ಲಿ ಲಿಂಫೋಮಾ ಎಂಬ ಕ್ಯಾನ್ಸರ್ ಇತ್ತು. 2001ರ ಏಪ್ರಿಲ್ 15ರಂದು ತೀರಿಕೊಂಡ. ಐವತ್ತು ತುಂಬಲು ಇನ್ನೊಂದು ತಿಂಗಳಿತ್ತು. ಹಾಡು ಹೊರಬಂದಿದ್ದು ಮರುವರ್ಷ, 'ಡೋಂಟ್ ವರಿ ಅಬೌಟ್ ಮಿ' ಎಂಬ ಆಲ್ಬಮ್‌ನಲ್ಲಿ. ನನ್ನ ಚಿಂತೆ ಬಿಡಿ ಅಂತ ಅರ್ಥ!

ಸತ್ತವನ ಹಾಡು ಅಂತ ಕರಗುತ್ತೀರಿ ಅನ್ನಬಹುದು. ಅವನ ಕಥೆ ಗೊತ್ತಿಲ್ಲದವರಿಗೆ ಕೇಳಿಸಿ ನೋಡಿ. ಆ ದನಿ ಅಯ್ಯೋ ಪಾಪ ಅನ್ನಿಸಿಕೊಳ್ಳಲು ನಿಲ್ಲುವುದೇ ಇಲ್ಲ, ಕುಣಿಯುತ್ತಾ ಮುಂದೆ ಹೋಗುತ್ತದೆ.

ಬತ್ತಿದ ಬೋರ್‌ವೆಲ್, ಅಪಘಾತ, ಸಾಲದ ಸುದ್ದಿಗಳನ್ನೇ ದಿನವೂ ಕಳಿಸುವ ನಮಗೆ, ಯಾರಾದರೂ ಲೋಕ ಚೆಂದ ಅಂದರೆ ಮೊದಲು ಅನುಮಾನ ಬರುತ್ತದೆ. ಏನು ಮಾರಲು ಬಂದಿದ್ದಾನೋ ಅಂತ. ಜೋಯಿ ಹತ್ತಿರ ಮಾರಲು ಏನೂ ಉಳಿದಿರಲಿಲ್ಲ. ಅದಕ್ಕೇ ಅವನ ಮಾತು ಕೇಳಬಹುದು ಅನ್ನಿಸುತ್ತದೆ.

ಯೂಟ್ಯೂಬಿನಲ್ಲಿ ಎರಡೂ ಇವೆ. ಮೊದಲು ಆರ್ಮ್‌ಸ್ಟ್ರಾಂಗ್ ಕೇಳಿ, ಆಮೇಲೆ ಜೋಯಿ. ಎರಡನೆಯದಕ್ಕೆ ಇಯರ್‌ಫೋನ್ ತೆಗೆದು, ಮನೆಯವರಿಗೂ ಕೇಳುವಂತೆ ಜೋರಾಗಿ ಇಡಿ.