ಹಳೇ ಫೋನು: ಉಳಿಸಿಕೊಳ್ಳುವುದೋ, ಬದಲಾಯಿಸುವುದೋ?

ಕಳೆದ ವರ್ಷ ಬೇಸಿಗೆಯಲ್ಲಿ ಅಮ್ಮ ಸಾಗರದಿಂದ ಬಂದಿದ್ದಳು. ಒಂದು ಸಂಜೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಮುಕಿಲ್ಟಿಯೊದಲ್ಲಿ ದೀಪಸ್ತಂಭದ ಹತ್ತಿರ ಕೂತಿದ್ದೆವು. 1906ರಲ್ಲಿ ಮರದಿಂದ ಕಟ್ಟಿದ ಬಿಳಿಯ ದೀಪಸ್ತಂಭ ಅದು. ಸ್ವಲ್ಪವೇ ದೂರದ ದಡದಿಂದ ವಿಡ್ಬೀ ದ್ವೀಪದ ಕ್ಲಿಂಟನ್ನಿಗೆ ಫೆರಿ ಹೊರಡುತ್ತದೆ. ಕಾರುಗಳನ್ನೂ ಜನರನ್ನೂ ತುಂಬಿಕೊಂಡು ಹೊರಟ ಫೆರಿ ಕಂಡು ಅಮ್ಮನಿಗೆ ಸಿಗಂದೂರು ಲಾಂಚ್ ನೆನಪಾಯಿತು. ಊರಿನವರಿಗೆ ಕಳಿಸೋಣವೆಂದು ಫೋನ್ ಎತ್ತಿದಳು. ಕ್ಯಾಮೆರಾ ತೆರೆದುಕೊಳ್ಳುವುದಕ್ಕೇ ಹೊತ್ತು ಹಿಡಿಯಿತು. ತೆರೆದ ಮೇಲೆ ‘ಸ್ಟೋರೇಜ್ ಫುಲ್’ ಎಂದಿತು. “ಎಂಥ ಮಾರಾಯ ಇದು, ಒತ್ತಿದ್ರೂ ತಗೊಳ್ಳಲ್ಲ” ಎಂದು ಅವಳು ಬೆರಳಾಡಿಸುತ್ತಿರುವಷ್ಟರಲ್ಲಿ ಫೆರಿ ದೂರ ಹೋಗಿತ್ತು.

ಮನೆಗೆ ಬರುವ ಹೊತ್ತಿಗೆ ಎರಡು ಅಭಿಪ್ರಾಯ ಎದ್ದವು. “ಅತ್ತೆ, ಹೊಸದೇ ತಗೊಂಡುಬಿಡೋಣ” ಎಂದಳು ನನ್ನ ಹೆಂಡತಿ. “ಇದಕ್ಕೇನಾಗಿದೆ, ಮಾತು ಸರಿಯಾಗಿ ಕೇಳತ್ತಲ್ಲ” ಎಂದಳು ಅಮ್ಮ. ಎರಡರಲ್ಲೂ ಹುರುಳಿದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಬೇಕಾದರೆ ಮೊದಲು ಫೋನ್ ಯಾಕೆ ನಿಧಾನವಾಗುತ್ತದೆ ಎಂಬುದು ಗೊತ್ತಿರಬೇಕು.

‘ಮೆಮೊರಿ ಇಲ್ಲ’ ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದು ನಿಜವಾಗಿ ಎರಡು ಬೇರೆ ತೊಂದರೆಗಳನ್ನು. ರ‍್ಯಾಮ್ ಎಂಬುದು ಅಡುಗೆಮನೆಯ ಕಟ್ಟೆ ಇದ್ದ ಹಾಗೆ. ಈಗ ಮಾಡುತ್ತಿರುವ ಕೆಲಸಕ್ಕೆ ಬೇಕಾದದ್ದಷ್ಟೇ ಅಲ್ಲಿರುತ್ತದೆ. ಸ್ಟೋರೇಜ್ ಎಂಬುದು ಉಗ್ರಾಣ. ಕಟ್ಟೆ ಚಿಕ್ಕದಾದರೆ ಒಂದು ಆ್ಯಪ್ ತೆರೆದಾಗ ಇನ್ನೊಂದನ್ನು ಫೋನೇ ಮುಚ್ಚುತ್ತದೆ; ಮತ್ತೆ ಅದಕ್ಕೆ ಮರಳಿದರೆ ಮೊದಲಿನಿಂದ ಶುರು. ಉಗ್ರಾಣ ಕಿಕ್ಕಿರಿದರೂ ಕೆಲಸ ಕೆಡುತ್ತದೆ. ಫೋನಿನ ಫ್ಲ್ಯಾಶ್ ಚಿಪ್ ಹಳೆಯದನ್ನು ಅಳಿಸಿಯೇ ಹೊಸದನ್ನು ಬರೆಯಬೇಕು. ಆಚೀಚೆ ಸರಿಸಿಡಲು ಖಾಲಿ ಜಾಗ ಇಲ್ಲದಿದ್ದರೆ ಪ್ರತಿ ಬರಹವೂ ತಡವಾಗುತ್ತದೆ. ಮೂರನೆಯ ಕಾರಣ ಸವೆದ ಬ್ಯಾಟರಿ.

ಹಳೆಯದನ್ನೇ ಉಳಿಸಿಕೊಳ್ಳಿ ಎನ್ನುವವರ ಬಲವಾದ ಸಾಕ್ಷಿ ಈ ಬ್ಯಾಟರಿಯೇ. ಹಳೆಯ ಬ್ಯಾಟರಿಯಿರುವ ಐಫೋನುಗಳು ಥಟ್ಟನೆ ಆಫ್ ಆಗದಿರಲೆಂದು ಅವುಗಳ ವೇಗ ತಗ್ಗಿಸುತ್ತಿದ್ದೇವೆ ಎಂದು ಆಪಲ್ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ಜನ ಸಿಟ್ಟಿಗೆದ್ದ ಮೇಲೆ, 79 ಡಾಲರ್ ಇದ್ದ ಬ್ಯಾಟರಿ ಬದಲಾವಣೆಯನ್ನು 2018ರಲ್ಲಿ 29 ಡಾಲರಿಗೆ ಮಾಡಿಕೊಟ್ಟಿತು. ನೂರಾರು ಡಾಲರಿನ ಹೊಸ ಫೋನ್ ಬೇಕೆಂದುಕೊಂಡಿದ್ದ ಎಷ್ಟೋ ಜನರಿಗೆ ಬೇಕಾಗಿದ್ದುದು ಒಂದು ಬ್ಯಾಟರಿ ಮಾತ್ರ.

ನಾವಿರುವ ವಾಷಿಂಗ್ಟನ್ ರಾಜ್ಯದಲ್ಲಿ ಈ ಪಕ್ಷಕ್ಕೆ ಈಗ ಕಾನೂನಿನ ಬೆಂಬಲವೂ ಇದೆ. ಗವರ್ನರ್ ಬಾಬ್ ಫರ್ಗುಸನ್ 2025ರ ಮೇ ತಿಂಗಳಲ್ಲಿ ಸಹಿ ಹಾಕಿದ ರಿಪೇರಿ ಹಕ್ಕಿನ ಕಾನೂನು 2026ರ ಜನವರಿ 1ರಿಂದ ಜಾರಿಗೆ ಬಂದಿದೆ. ಬಿಡಿಭಾಗ, ಸಲಕರಣೆ, ರಿಪೇರಿಯ ಮಾಹಿತಿ ಇವನ್ನು ತಯಾರಕರು ಹೊರಗಿನ ಅಂಗಡಿಗಳಿಗೂ ಗ್ರಾಹಕರಿಗೂ ಒದಗಿಸಬೇಕು ಎನ್ನುತ್ತದೆ ಅದು. ಇದರ ಜೊತೆಗೆ ಪರಿಸರದ ಮಾತೂ ಇದೆ. ಒಂದು ಫೋನಿನ ಇಡೀ ಬಾಳಿನ ಇಂಗಾಲದ ಹೊರೆಯಲ್ಲಿ ದೊಡ್ಡ ಪಾಲು ಬರುವುದು ಅದನ್ನು ತಯಾರಿಸುವಾಗ. ಇನ್ನೆರಡು ವರ್ಷ ಬಳಸಿದರೆ ಅಷ್ಟು ಹೊರೆ ಮುಂದಕ್ಕೆ ಹೋಯಿತು.

ಇನ್ನು ಜಾಗ ಖಾಲಿ ಮಾಡುವ ಕೆಲಸ. ಅಮ್ಮನ 32 ಜಿಬಿ ಫೋನಿನಲ್ಲಿ ವಾಟ್ಸಾಪ್ ಒಂದೇ 13 ಜಿಬಿ ತಿಂದಿತ್ತು. ವಾಟ್ಸಾಪಿನ ಸೆಟ್ಟಿಂಗ್ಸಿನೊಳಗೆ ‘ಮ್ಯಾನೇಜ್ ಸ್ಟೋರೇಜ್’ ಇದೆ. ಪದೇ ಪದೇ ಫಾರ್ವರ್ಡ್ ಆದದ್ದು ಯಾವುದು, 5 ಎಂಬಿಗಿಂತ ದೊಡ್ಡದು ಯಾವುದು ಎಂದು ಅದೇ ವಿಂಗಡಿಸಿ ತೋರಿಸುತ್ತದೆ. ಗುಡ್ ಮಾರ್ನಿಂಗ್ ಹೂವುಗಳು, ಹಬ್ಬದ ಶುಭಾಶಯಗಳು, ಒಂದೇ ವಿಡಿಯೊದ ನಾಲ್ಕು ಪ್ರತಿ ಎಲ್ಲ ಹೋದವು. ನಡುವೆ ಒಂದು ಮಸುಕು ಚಿತ್ರ ಬಂತು, ಯಾವುದೋ ಕಾಗದದ ತುಂಡು. ಅಳಿಸಲು ಹೊರಟೆ. ಅಮ್ಮ ನನ್ನ ಕೈ ಹಿಡಿದಳು: “ಅದು ಇರ್ಲಿ, ಅಡಿಕೆ ಮಂಡಿ ಚೀಟಿ.” ಆ ವರ್ಷದ ಲೆಕ್ಕವೆಲ್ಲ ಅದರಲ್ಲಿತ್ತು. ಒಂದೇ ಗುಂಡಿ ಒತ್ತಿದರೆ ಕಸ ತೆಗೆಯುತ್ತೇವೆ ಎನ್ನುವ ಕ್ಲೀನರ್ ಆ್ಯಪ್‌ಗಳನ್ನು ನಾನು ನಂಬದಿರುವುದು ಇದಕ್ಕೇ. ಯಾವುದು ಕಸ ಎಂಬುದು ಫೋನಿನ ಯಜಮಾನತಿಗೆ ಮಾತ್ರ ಗೊತ್ತು. ತೆರೆದ ಆ್ಯಪ್‌ಗಳನ್ನೆಲ್ಲ ಗಳಿಗೆಗೊಮ್ಮೆ ಬೆರಳಲ್ಲಿ ಸರಿಸಿ ಮುಚ್ಚುವುದೂ ಬೇಡ. ಆರಿಸಿದ ಒಲೆಯನ್ನು ಮತ್ತೆ ಮತ್ತೆ ಹೊತ್ತಿಸಿದ ಹಾಗೆ ಅದು ಕೆಲಸ ಹೆಚ್ಚಿಸುತ್ತದೆ.

ಆ ಸಂಜೆ 9 ಜಿಬಿ ಖಾಲಿಯಾಯಿತು. ಕ್ಯಾಮೆರಾ ತಕ್ಷಣ ತೆರೆದುಕೊಂಡಿತು. ಅಮ್ಮನ ಪಕ್ಷ ಗೆದ್ದಂತೆಯೇ ಕಂಡಿತು.

ಹೊಸದು ಬೇಕು ಎನ್ನುವವರ ವಾದವನ್ನೂ ಅಷ್ಟೇ ಗೌರವದಿಂದ ಕೇಳಬೇಕು. ಖಾಲಿ ಮಾಡಿದ ಜಾಗ ಮತ್ತೆ ತುಂಬುತ್ತದೆ. ಆ್ಯಪ್‌ಗಳು ಅಪ್‌ಡೇಟ್ ಆದ ಹಾಗೆ ಬೆಳೆಯುತ್ತಲೇ ಹೋಗುತ್ತವೆ. ಉಗ್ರಾಣ ಖಾಲಿ ಮಾಡಬಹುದು, ಕಟ್ಟೆಯನ್ನು ಉದ್ದ ಮಾಡಲಾಗದು. 2 ಜಿಬಿ ರ‍್ಯಾಮ್ ಎಂದಿಗೂ 2 ಜಿಬಿಯೇ. ಹಳೆಯ ಫೋನುಗಳನ್ನು ಆ್ಯಪ್‌ಗಳೇ ಕೈಬಿಡುವುದೂ ಉಂಟು: 2025ರ ಆರಂಭದಿಂದ ಆಂಡ್ರಾಯ್ಡ್ 4.4ರ ಫೋನುಗಳಲ್ಲಿ ವಾಟ್ಸಾಪ್ ನಡೆಯುತ್ತಿಲ್ಲ. ಊರಿಗೂ ನಮಗೂ ನಡುವೆ ದಿನಾ ಓಡಾಡುವುದು ಅದೊಂದೇ ಆಗಿರುವಾಗ ಇದು ಸಣ್ಣ ಮಾತಲ್ಲ.

ಎಲ್ಲಕ್ಕಿಂತ ತೂಕದ್ದು ಸುರಕ್ಷತೆ. ಗೂಗಲ್ 2023ರ ಪಿಕ್ಸೆಲ್ 8ಕ್ಕೆ, ಸ್ಯಾಮ್‌ಸಂಗ್ 2024ರ ಗ್ಯಾಲಕ್ಸಿ ಎಸ್24ಕ್ಕೆ ಏಳು ವರ್ಷ ಅಪ್‌ಡೇಟ್ ಕೊಡುವ ಮಾತು ಕೊಟ್ಟಿವೆ. ಕಡಿಮೆ ಬೆಲೆಯ ಹಳೆಯ ಫೋನುಗಳಿಗೆ ಆ ಭಾಗ್ಯವಿರಲಿಲ್ಲ. ಅಮ್ಮನ ಫೋನಿನ ಸೆಟ್ಟಿಂಗ್ಸ್ ತೆರೆದು ನೋಡಿದೆ: ಕೊನೆಯ ಸೆಕ್ಯುರಿಟಿ ಅಪ್‌ಡೇಟ್ 2021ರದು. ಅದೇ ಫೋನಿನಲ್ಲಿ ಅವಳ ಪಿಂಚಣಿಯ ಬ್ಯಾಂಕ್ ಆ್ಯಪ್ ಇತ್ತು, ಯುಪಿಐ ಇತ್ತು, ಒಟಿಪಿ ಬರುತ್ತಿತ್ತು. ಎಷ್ಟೇ ಗುಡಿಸಿ ಸಾರಿಸಿದರೂ ಮುರಿದ ಚಿಲಕ ಕೂಡುವುದಿಲ್ಲ.

ಹಾಗಾಗಿ ನನ್ನ ತೀರ್ಮಾನ ಇಷ್ಟು. ನಿಧಾನವಾಗಿದೆ ಎಂಬ ಒಂದೇ ಕಾರಣಕ್ಕೆ ಫೋನ್ ಬದಲಾಯಿಸಬಾರದು. ಮೊದಲು ಜಾಗ ಖಾಲಿ ಮಾಡಿ, ಆಮೇಲೆ ಬ್ಯಾಟರಿ ನೋಡಿ. ಈ ಎರಡರಲ್ಲೇ ಎಷ್ಟೋ ಫೋನುಗಳು ಸುಧಾರಿಸುತ್ತವೆ. ಆದರೆ ಸೆಕ್ಯುರಿಟಿ ಅಪ್‌ಡೇಟ್ ನಿಂತ ಫೋನಿನಲ್ಲಿ, ಅದು ಎಷ್ಟೇ ಚುರುಕಾಗಿರಲಿ, ದುಡ್ಡಿನ ವ್ಯವಹಾರ ಇರಕೂಡದು. ಹೊಸದು ಕೊಳ್ಳುವಾಗಲೂ ಕ್ಯಾಮೆರಾದ ಮೆಗಾಪಿಕ್ಸೆಲ್ ಕೇಳುವ ಮೊದಲು ಎಷ್ಟು ವರ್ಷ ಅಪ್‌ಡೇಟ್ ಬರುತ್ತದೆ ಎಂದು ಕೇಳಿ.

ಅಮ್ಮ ಊರಿಗೆ ಹೊರಡುವ ಮುಂಚೆ ಸಾಧಾರಣ ಬೆಲೆಯ ಒಂದು ಹೊಸ ಫೋನ್ ತಂದೆವು. ಬ್ಯಾಂಕು, ಪಿಂಚಣಿ, ಯುಪಿಐ ಎಲ್ಲ ಅದಕ್ಕೆ ಹೋದವು. ಹಳೆಯದು ಯಕ್ಷಗಾನ ನೋಡಲಿಕ್ಕೆ ಅವಳ ತಲೆದಿಂಬಿನ ಪಕ್ಕದಲ್ಲಿ ಉಳಿಯಿತು. ನಿಮ್ಮ ತಂದೆ ತಾಯಿಯ ಫೋನ್ ನಿಧಾನವಾಗಿದ್ದರೆ ಕೊಳ್ಳುವ ಮುಂಚೆಯೂ ಬೈಯುವ ಮುಂಚೆಯೂ ಒಂದು ಗಂಟೆ ಅವರ ಪಕ್ಕ ಕೂತು ಅದನ್ನು ತೆರೆದು ನೋಡಿ. ಅಳಿಸುವ ಪ್ರತಿಯೊಂದಕ್ಕೂ ಅವರನ್ನು ಕೇಳಿಯೇ ಅಳಿಸಿ.