ಮಧುಮೇಹ ಶಿಕ್ಷಕರ ನೋಂದಣಿ, ನಿರಂತರ ತರಬೇತಿ ಹಾಗೂ ಎಲ್ಲರಿಗೂ ಎಟಕುವ ಮಧುಮೇಹ ಶಿಕ್ಷಣಕ್ಕಾಗಿ ಮನವಿ ಪತ್ರ

ಇವರಿಗೆ,
ಮಾನ್ಯ ಆಯುಕ್ತರು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸೇವೆಗಳು, ಕರ್ನಾಟಕ ಸರ್ಕಾರ,
ಆರೋಗ್ಯ ಸೌಧ, ಮಾಗಡಿ ರಸ್ತೆ, ಬೆಂಗಳೂರು.

ಇವರಿಂದ,
ರಾಜ್ಯದ ಅಸಾಂಕ್ರಾಮಿಕ ರೋಗಗಳ (ಎನ್‌ಸಿಡಿ) ಕ್ಲಿನಿಕ್‌ಗಳು, ಧರ್ಮಾರ್ಥ ಆಸ್ಪತ್ರೆಗಳು ಮತ್ತು ಖಾಸಗಿ ಚಿಕಿತ್ಸಾಲಯಗಳಲ್ಲಿ ಮಧುಮೇಹ ಶಿಕ್ಷಣದ ಕೆಲಸ ಮಾಡುತ್ತಿರುವ ಆಪ್ತ ಸಮಾಲೋಚಕರು, ಶುಶ್ರೂಷಕರು ಹಾಗೂ ಆಹಾರ ತಜ್ಞರು.

ವಿಷಯ: ಮಧುಮೇಹ ಶಿಕ್ಷಕರಿಗೆ ವೃತ್ತಿ ಮಾನ್ಯತೆ, ಕಂಪನಿಗಳ ಹಂಗಿಲ್ಲದ ತರಬೇತಿ ಮತ್ತು ಹಿಂದುಳಿದವರನ್ನೂ ತಲುಪುವ ಬೋಧನಾ ವ್ಯವಸ್ಥೆ ಒದಗಿಸುವ ಕುರಿತು.

ಮಾನ್ಯರೇ,

2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ಆರಂಭವಾದ ‘ಗೃಹ ಆರೋಗ್ಯ’ ಯೋಜನೆಯು 30 ವರ್ಷ ದಾಟಿದವರ ಮನೆಗೇ ಹೋಗಿ ಸಕ್ಕರೆ, ರಕ್ತದೊತ್ತಡ ತಪಾಸಣೆ ಮಾಡಿ ಮಾತ್ರೆ ತಲುಪಿಸುವ ಕೆಲಸಕ್ಕೆ ಕೈಹಾಕಿದೆ. ಇದನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ. ಆಸ್ಪತ್ರೆಗೆ ಬರಲು ಒಂದು ದಿನದ ಕೂಲಿ ಬಿಡಬೇಕಾದವರಿಗೆ ಇದು ಎಷ್ಟು ದೊಡ್ಡ ಅನುಕೂಲ ಎಂಬುದು ನಮಗೆ ಗೊತ್ತು. ಆದರೆ ಮಾತ್ರೆ ಮನೆ ಮುಟ್ಟಿದ ಮೇಲೂ ಕೆಲಸ ಬಾಕಿ ಉಳಿಯುತ್ತದೆ. ಅದನ್ನು ಯಾವಾಗ ನುಂಗಬೇಕು, ಊಟ ತಪ್ಪಿದ ದಿನ ಏನು ಮಾಡಬೇಕು, ಕೈ ನಡುಗಿ ಮೈ ಬೆವರಿದರೆ ಮೊದಲು ಬಾಯಿಗೆ ಏನು ಹಾಕಿಕೊಳ್ಳಬೇಕು, ಕಾಲಿನಲ್ಲಿ ಗುಳ್ಳೆ ಎದ್ದರೆ ಎಷ್ಟು ದಿನ ಕಾಯಬಹುದು ಎಂಬುದನ್ನು ಕೂತು ಹೇಳಿಕೊಡುವವರು ಬೇಕು. ಆ ಕೆಲಸ ನಮ್ಮದು. ಇಲಾಖೆಯ ಲೆಕ್ಕದಲ್ಲಿ ಅದು ಇನ್ನೂ ಚಿಕಿತ್ಸೆಯ ಭಾಗವಾಗಿ ಎಣಿಕೆಗೆ ಬಂದಿಲ್ಲ ಎಂಬುದೇ ಈ ಮನವಿಗೆ ಕಾರಣ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನವು 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಈ ಸಂಖ್ಯೆಗಳು ತಮಗೆ ಹೊಸತಲ್ಲ. ಇವರಲ್ಲಿ ಹೆಚ್ಚಿನವರು ವೈದ್ಯರ ಎದುರು ವರ್ಷಕ್ಕೆ ಕೆಲವು ನಿಮಿಷಗಳಿಗಿಂತ ಹೆಚ್ಚು ಕೂರುವುದಿಲ್ಲ. ಮಿಕ್ಕ ದಿನವೆಲ್ಲ ತಮ್ಮ ಚಿಕಿತ್ಸೆಯನ್ನು ತಾವೇ ನಡೆಸಿಕೊಳ್ಳಬೇಕು. ಹೀಗೆ ರೋಗಿಯ ಕೈಗೇ ಒಪ್ಪಿಸಬೇಕಾದ ಕಾಯಿಲೆಗಳು ಹೆಚ್ಚಿಲ್ಲ.

2010ರಲ್ಲಿ ಶುರುವಾದ ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದ ಎನ್‌ಸಿಡಿ ಕ್ಲಿನಿಕ್‌ಗಳಲ್ಲಿ ಆಪ್ತ ಸಮಾಲೋಚಕರ ಹುದ್ದೆಗೆ ಅವಕಾಶವಿದೆ. ಅದೇ ಒಬ್ಬರು ಮಧುಮೇಹ, ಬಿಪಿ, ಪಾರ್ಶ್ವವಾಯು, ಕ್ಯಾನ್ಸರ್ ಎಲ್ಲದರ ಬಗ್ಗೆಯೂ ಮಾತನಾಡಬೇಕು. ಡಾಟಾ ಎಂಟ್ರಿ ಬಾಕಿ ಬಿದ್ದರೆ ಕಂಪ್ಯೂಟರ್ ಮುಂದೆಯೂ ಕೂರಬೇಕು. ಬಹುಪಾಲು ಗುತ್ತಿಗೆ ನೌಕರಿ. ಎಲ್ಲಿ ಈ ಹುದ್ದೆ ಖಾಲಿಯಿದೆಯೋ ಅಲ್ಲಿ ಸ್ಟಾಫ್ ನರ್ಸ್ ಬಿಪಿ ನೋಡುತ್ತಲೇ ‘ಸಿಹಿ ಬಿಡಿ, ವಾಕಿಂಗ್ ಮಾಡಿ’ ಎಂದು ಹೇಳಿ ಮುಂದಿನವರನ್ನು ಕರೆಯುತ್ತಾರೆ. ಅವರನ್ನು ದೂರುವಂತಿಲ್ಲ, ಹೊರಗೆ ಸಾಲು ಬೆಳೆಯುತ್ತಿರುತ್ತದೆ.

ಸಂಸತ್ತು 2021ರಲ್ಲಿ ಅಂಗೀಕರಿಸಿದ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆಯ ಅನುಸೂಚಿಯಲ್ಲಿ ಆರೋಗ್ಯ ಶಿಕ್ಷಕರು ಮತ್ತು ಸಮಾಲೋಚಕರ ಸಾಲಿನಲ್ಲಿ ಮಧುಮೇಹ ಶಿಕ್ಷಕರ ಹೆಸರೂ ಇದೆ. ಅಂದರೆ ಕಾನೂನು ನಮ್ಮನ್ನು ಗುರುತಿಸಿದೆ, ಆಸ್ಪತ್ರೆಯ ಹಾಜರಿ ಪುಸ್ತಕ ಗುರುತಿಸಿಲ್ಲ. ಆದ್ದರಿಂದ ನಮ್ಮ ಮೊದಲ ಬೇಡಿಕೆ: ಈ ಕಾಯ್ದೆಯಡಿಯ ರಾಜ್ಯ ಪರಿಷತ್ತಿನ ಮೂಲಕ ಮಧುಮೇಹ ಶಿಕ್ಷಕರ ನೋಂದಣಿಯನ್ನು ಪ್ರತ್ಯೇಕ ಶೀರ್ಷಿಕೆಯಡಿ ನಡೆಸಬೇಕು, ಈಗಾಗಲೇ ವರ್ಷಗಟ್ಟಲೆ ಈ ಕೆಲಸ ಮಾಡುತ್ತಿರುವ ಶುಶ್ರೂಷಕರು, ಆಹಾರ ತಜ್ಞರು ಮತ್ತು ಸಮಾಲೋಚಕರು ಒಂದು ಪ್ರಾಯೋಗಿಕ ಪರೀಕ್ಷೆ ಎದುರಿಸಿ ನೋಂದಾಯಿಸಿಕೊಳ್ಳಲು ದಾರಿ ಮಾಡಿಕೊಡಬೇಕು, ಮತ್ತು ಪ್ರತಿ ತಾಲ್ಲೂಕು ಆಸ್ಪತ್ರೆಗೆ ಕನಿಷ್ಠ ಒಬ್ಬ ಮಧುಮೇಹ ಶಿಕ್ಷಕರನ್ನು ಮಂಜೂರು ಮಾಡಬೇಕು.

ತರಬೇತಿಯ ವಿಷಯಕ್ಕೆ ಬರುತ್ತೇವೆ. ಇದರಲ್ಲಿ ಸ್ವಲ್ಪ ವಿವರಕ್ಕೆ ಇಳಿಯದೆ ವಿಧಿಯಿಲ್ಲ.

ಸರ್ಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಸಿಗುವುದು ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವ ಇನ್ಸುಲಿನ್ ಬಾಟಲಿ. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. 100 ಯೂನಿಟ್‌ನ ಇನ್ಸುಲಿನ್‌ಗೆ ಕಿತ್ತಳೆ ಮುಚ್ಚಳದ್ದು. ನಮ್ಮಲ್ಲೊಬ್ಬರು ಕಂಡ ಪ್ರಸಂಗ ಇದು. ಹಳ್ಳಿಯ ಹಿರಿಯರೊಬ್ಬರು ಬಾಟಲಿಯನ್ನು ಆಸ್ಪತ್ರೆಯಿಂದ ಪಡೆದು, ಸಿರಿಂಜನ್ನು ಔಷಧಿ ಅಂಗಡಿಯಿಂದ ಕೊಂಡಿದ್ದರು. ಸಿಕ್ಕಿದ್ದು ಕಿತ್ತಳೆ ಮುಚ್ಚಳದ್ದು. 20ರ ಗೆರೆಯವರೆಗೆ ಎಳೆದು ಚುಚ್ಚಿಕೊಂಡರೆ ಒಳಗೆ ಹೋಗುತ್ತಿದ್ದದ್ದು 8 ಯೂನಿಟ್ ಮಾತ್ರ. ಸಕ್ಕರೆ ಇಳಿಯಲಿಲ್ಲ, ಚೀಟಿಯಲ್ಲಿ 30 ಎಂದು ಏರಿಸಲಾಯಿತು. ದೇಹಕ್ಕೆ ಹೋದದ್ದು 12. ಮುಂದೊಂದು ದಿನ ಮಗ ಬೇರೆ ಅಂಗಡಿಯಿಂದ ಕೆಂಪು ಮುಚ್ಚಳದ ಸಿರಿಂಜ್ ತಂದ. ಸಿರಿಂಜ್ ಈಗ ಸರಿಯಾದದ್ದೇ. ಆದರೆ ಚೀಟಿಯ 30 ಅಂದು ರಾತ್ರಿ ನಿಜವಾಗಿಯೂ 30 ಆಯಿತು. ನಸುಕಿನಲ್ಲಿ ಎಚ್ಚರ ತಪ್ಪಿದ ಅವರನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದರು. ಪುಣ್ಯಕ್ಕೆ ಉಳಿದರು. ವೈದ್ಯರು ಬರೆದ ಡೋಸು ಲೆಕ್ಕಕ್ಕೆ ಸರಿಯಾಗಿತ್ತು, ಅಂಗಡಿಯವರು ಕೇಳಿದ ಸಿರಿಂಜನ್ನೇ ಕೊಟ್ಟಿದ್ದರು. ‘ಮನೆಯಲ್ಲಿ ಬಳಸುವ ಸಿರಿಂಜನ್ನು ತಂದು ತೋರಿಸಿ, ನನ್ನೆದುರಿಗೇ ಒಮ್ಮೆ ಎಳೆಯಿರಿ’ ಎಂದು ಕೇಳುವುದು ಯಾರ ಕೆಲಸವೂ ಆಗಿರಲಿಲ್ಲ, ಅಷ್ಟೆ.

ಇಂಥದನ್ನು ಪುಸ್ತಕ ಓದಿ ಕಲಿಯಲಾಗದು. ಒಂದೇ ಜಾಗಕ್ಕೆ ಚುಚ್ಚಿ ಚುಚ್ಚಿ ಹೊಟ್ಟೆಯ ಮೇಲೆ ಎದ್ದ ಗಂಟನ್ನು ಬೆರಳಿನಿಂದ ತಡವಿ ಗುರುತಿಸುವುದು, ಮೋನೋಫಿಲಮೆಂಟ್ ಎಳೆಯಿಂದ ಪಾದದ ಸ್ಪರ್ಶ ಪರೀಕ್ಷಿಸುವುದು, ಸಕ್ಕರೆ 70ಕ್ಕಿಂತ ಕೆಳಗಿಳಿದಾಗ 15 ಗ್ರಾಂ ಗ್ಲೂಕೋಸ್ ಕೊಟ್ಟು 15 ನಿಮಿಷ ಕಾದು ಮತ್ತೆ ಪರೀಕ್ಷಿಸುವುದನ್ನು ಮನೆಯವರಿಗೆ ಮಾಡಿಸಿ ತೋರಿಸುವುದು ಎಲ್ಲವೂ ಕೈಯಿಂದ ಕಲಿಯುವ ವಿದ್ಯೆ. ಈಗ ಅದನ್ನು ನಮಗೆ ಕಲಿಸುತ್ತಿರುವವರು ಬಹುಮಟ್ಟಿಗೆ ಇನ್ಸುಲಿನ್ ಮತ್ತು ಗ್ಲೂಕೋಮೀಟರ್ ಕಂಪನಿಗಳ ಪ್ರತಿನಿಧಿಗಳು. ಹೋಟೆಲಿನ ಸಭಾಂಗಣ, ಒಳ್ಳೆಯ ಊಟ, ಕಂಪನಿಯ ಹೆಸರಿರುವ ಬ್ಯಾಗು. ಕಲಿತದ್ದರಲ್ಲಿ ಉಪಯುಕ್ತವಾದದ್ದೂ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಅಲ್ಲಿ ದುಬಾರಿ ಪೆನ್ನಿನ ಬಗ್ಗೆ ಒಂದು ಗಂಟೆ ಮಾತಾದರೆ, ನಮ್ಮ ಬಹುತೇಕ ರೋಗಿಗಳು ಬಳಸುವ ಬಾಟಲಿ, ಸಿರಿಂಜಿನ ಬಗ್ಗೆ ಒಂದು ಸ್ಲೈಡೂ ಇರುವುದಿಲ್ಲ. ಖಾಸಗಿ ಕ್ಲಿನಿಕ್‌ಗಳಲ್ಲಿ ನಮ್ಮ ಕೆಲವು ಸಹೋದ್ಯೋಗಿಗಳ ಸಂಬಳವೇ ಕಂಪನಿಯಿಂದ ಬರುತ್ತದೆ. ಔಷಧ ಮಾರಾಟ ಪದ್ಧತಿಗಳ ಕುರಿತು ಕೇಂದ್ರ ಸರ್ಕಾರ ಮಾರ್ಚ್ 2024ರಲ್ಲಿ ಏಕರೂಪ ಸಂಹಿತೆ ಹೊರಡಿಸಿದ ಮೇಲಾದರೂ ಈ ಸಂಗತಿ ಇಲಾಖೆಯ ಗಮನಕ್ಕೆ ಬರಬೇಕು. ಇದನ್ನು ಬರೆದು ಕೊಡುವುದರಿಂದ ನಮ್ಮಲ್ಲೇ ಕೆಲವರ ಸಂಬಳಕ್ಕೆ ಕುತ್ತು ಬರಬಹುದು ಎಂಬ ಅರಿವಿದ್ದೂ ಬರೆಯುತ್ತಿದ್ದೇವೆ.

ಬೆಂಗಳೂರಿನಲ್ಲಿ ಸರ್ಕಾರದ್ದೇ ಆದ ಕರ್ನಾಟಕ ಎಂಡೋಕ್ರೈನಾಲಜಿ ಮತ್ತು ಸಂಶೋಧನಾ ಸಂಸ್ಥೆಯಿದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಇವೆರಡೂ ಸೇರಿ ಕನ್ನಡದಲ್ಲಿ ಪಠ್ಯಕ್ರಮ ರೂಪಿಸಬೇಕು; ತರಬೇತಿ ಜಿಲ್ಲಾ ಆಸ್ಪತ್ರೆಗಳಲ್ಲೇ, ನಿಜವಾದ ರೋಗಿಗಳ ನಡುವೆ ನಡೆಯಬೇಕು; ಅದರ ಖರ್ಚಿನಲ್ಲಿ ಯಾವ ಕಂಪನಿಯ ಪಾಲೂ ಇರಬಾರದು. ವೈದ್ಯರು 5 ವರ್ಷಕ್ಕೆ 30 ಗಂಟೆಗಳ ನಿರಂತರ ಶಿಕ್ಷಣ ಪಡೆಯಬೇಕೆಂಬ ನಿಯಮವಿದೆ. ನಮಗೆ ವರ್ಷಕ್ಕೆ 20 ಗಂಟೆ ಕಡ್ಡಾಯ ಮಾಡಿದರೂ ನಮ್ಮ ತಕರಾರಿಲ್ಲ, ಆ ದಿನಗಳನ್ನು ಕರ್ತವ್ಯದ ದಿನಗಳೆಂದೇ ಪರಿಗಣಿಸಿ ಗುತ್ತಿಗೆ ನೌಕರರ ಸಂಬಳ ಕಡಿತ ಮಾಡದಿದ್ದರೆ ಸಾಕು.

ಇನ್ನು ನಾವು ಯಾರಿಗೆ ಕಲಿಸುತ್ತಿದ್ದೇವೆ, ಯಾರನ್ನು ಬಿಟ್ಟುಬಿಡುತ್ತಿದ್ದೇವೆ ಎಂಬ ಪ್ರಶ್ನೆ. ಈಗ ಬಳಕೆಯಲ್ಲಿರುವ ಕರಪತ್ರ, ಆಹಾರ ಪಟ್ಟಿಗಳು ಓದು ಬರುವ, ಕಣ್ಣು ಚೆನ್ನಾಗಿ ಕಾಣುವ, ಮನೆಯಲ್ಲಿ ಫ್ರಿಜ್ ಇರುವ, ಹೊತ್ತಿಗೆ ಸರಿಯಾಗಿ ಊಟ ಮಾಡುವ ಒಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು. ಓಟ್ಸ್, ಬ್ರೌನ್ ಬ್ರೆಡ್, ಆಲಿವ್ ಎಣ್ಣೆ ಎಂದಿರುವ ಪಟ್ಟಿಯನ್ನು ಸಿಂಧನೂರಿನ ಕೃಷಿ ಕಾರ್ಮಿಕರಿಗೆ ಕೊಟ್ಟು ಏನು ಮಾಡುವುದು? ಜೋಳದ ರೊಟ್ಟಿ ಎಷ್ಟು, ಮುದ್ದೆ ಯಾವ ಗಾತ್ರ, ಕುಸುಬಲಕ್ಕಿ ಗಂಜಿಯ ಜೊತೆ ಏನು, ಪಡಿತರದ ಅಕ್ಕಿಯನ್ನೇ ನೆಚ್ಚಿದ ಮನೆಯಲ್ಲಿ ತಟ್ಟೆ ಹೇಗಿರಬೇಕು ಎಂದು ಹೇಳುವ ಪಟ್ಟಿ ಬೇಕು. ರಾಗಿ ‘ಶುಗರ್‌ಗೆ ಒಳ್ಳೇದು’ ಎಂದು ಎರಡು ಮುದ್ದೆ ಹೆಚ್ಚಿಗೆ ಉಣ್ಣುವವರನ್ನು ನಾವು ವಾರಕ್ಕೊಮ್ಮೆಯಾದರೂ ನೋಡುತ್ತೇವೆ. ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು: ಗಂಡನಿಗೆ ಸಕ್ಕರೆ ಕಾಯಿಲೆ ಬಂದರೆ ಹೆಂಡತಿ ಬೇರೆ ಅಡುಗೆ ಮಾಡುತ್ತಾಳೆ, ಹೆಂಡತಿಗೆ ಬಂದರೆ ಮನೆಯವರು ಉಂಡು ಉಳಿದದ್ದನ್ನೇ ಆಕೆ ಉಣ್ಣುತ್ತಾಳೆ. ಆಹಾರ ಸಲಹೆಗೆ ಮನೆಯವರನ್ನೂ ಕೂರಿಸಬೇಕು ಎಂಬುದು ಪಠ್ಯಕ್ರಮದಲ್ಲೇ ಬರಬೇಕು.

ಕಲಬುರಗಿ, ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ. ಫ್ರಿಜ್ ಇಲ್ಲದ ಮನೆಯಲ್ಲಿ ಇನ್ಸುಲಿನ್ ಬಾಟಲಿಯನ್ನು ಒದ್ದೆ ಮರಳಿನ ನಡುವಿನ ಮಡಕೆಯಲ್ಲಿ ಹೇಗೆ ತಂಪಾಗಿಡಬಹುದು ಎಂಬುದನ್ನು ಮಾಡಿ ತೋರಿಸಬೇಕು. ಫ್ರಿಜ್ ಇರುವ ಮನೆಯಲ್ಲಿ ಫ್ರೀಜರಿನಲ್ಲಿಟ್ಟು ಹೆಪ್ಪುಗಟ್ಟಿದ ಇನ್ಸುಲಿನ್ ಉಪಯೋಗಕ್ಕೆ ಬಾರದು ಎಂಬುದನ್ನೂ ಹೇಳಬೇಕು.

ಮಧುಮೇಹ ಕಣ್ಣನ್ನೇ ಮಂಕಾಗಿಸುವ ಕಾಯಿಲೆ. ಹಾಗಿದ್ದೂ ಸಿರಿಂಜಿನ ಕೂದಲೆಳೆಯಂಥ ಗೆರೆ ಓದಬೇಕಾದ ಕೆಲಸವನ್ನು ಕಣ್ಣು ಮಂಜಾದವರಿಗೇ ಕೊಟ್ಟಿದ್ದೇವೆ. ಪೆನ್ನಿನಲ್ಲಾದರೆ ಒಂದೊಂದು ಯೂನಿಟ್‌ಗೂ ‘ಟಿಕ್’ ಎನ್ನುವ ಸದ್ದು ಬರುತ್ತದೆ. ಮನೆಯವರ ನೆರವಿನೊಂದಿಗೆ ಅದನ್ನು ಎಣಿಸಿ ಡೋಸು ತೆಗೆದುಕೊಳ್ಳುವುದನ್ನು ಕಲಿಸಬಹುದು. ದೃಷ್ಟಿ ಕುಂದಿದವರಿಗೆ ಪೆನ್ ಮತ್ತು ಮಾತನಾಡುವ ಗ್ಲೂಕೋಮೀಟರ್‌ಗಳನ್ನು ಉಚಿತವಾಗಿ ಒದಗಿಸಬೇಕು. ಕಿವಿ ಕೇಳದವರಿಗಾಗಿ ಸಂಜ್ಞೆ ಭಾಷೆಯ ವಿಡಿಯೋ ಪಾಠಗಳನ್ನು ಸಿದ್ಧಪಡಿಸಬೇಕು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರಲ್ಲೇ ಬಂದಿದೆ, ಇವನ್ನು ಔದಾರ್ಯವೆಂದು ನಾವು ಕೇಳುತ್ತಿಲ್ಲ.

ತುಳು, ಬ್ಯಾರಿ, ಕೊಂಕಣಿ, ಉರ್ದು, ಲಂಬಾಣಿ ಆಡುವವರಿಗೆ ಕಚೇರಿ ಕನ್ನಡದ ಕರಪತ್ರ ಅಷ್ಟಕ್ಕಷ್ಟೇ. ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಂದ ಉತ್ತರ ಭಾರತದ ಕಾರ್ಮಿಕರಿಗಂತೂ ಏನೂ ಇಲ್ಲ. ಅವರವರ ಭಾಷೆಯ ಧ್ವನಿ ಮುದ್ರಿಕೆಗಳು ಸಾಕು, ಖರ್ಚೂ ಹೆಚ್ಚಿಲ್ಲ.

ರಂಜಾನ್ ಉಪವಾಸದ ವಿಷಯದಲ್ಲಿ ನಮ್ಮ ವ್ಯವಸ್ಥೆ ವರ್ಷಾ ವರ್ಷ ಎಡವುತ್ತಿದೆ. ‘ಉಪವಾಸ ಬೇಡ’ ಎಂದು ಒಂದೇ ಮಾತಿನಲ್ಲಿ ಹೇಳಿ ಕಳಿಸಿದರೆ ಆ ವ್ಯಕ್ತಿ ತಿಂಗಳು ಪೂರ್ತಿ ಕ್ಲಿನಿಕ್‌ನತ್ತ ಸುಳಿಯುವುದಿಲ್ಲ, ಹೇಳದೆ ಉಪವಾಸ ಮಾಡುತ್ತಾರೆ. ಯಾರು ಮಾಡಲೇಬಾರದು, ಯಾರು ಔಷಧಿಯ ಹೊತ್ತು ಮತ್ತು ಪ್ರಮಾಣ ಬದಲಿಸಿಕೊಂಡು ಮಾಡಬಹುದು, ಸಕ್ಕರೆ 70ಕ್ಕಿಂತ ಇಳಿದರೆ ಅಥವಾ 300 ದಾಟಿದರೆ ಆ ಕ್ಷಣವೇ ಉಪವಾಸ ಬಿಡಬೇಕು ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿಗಳಿವೆ. ಈ ಮಾತುಕತೆ ರಂಜಾನ್‌ಗೆ ಆರೆಂಟು ವಾರ ಮೊದಲೇ ಆಗಬೇಕು. ಏಕಾದಶಿ, ಶಿವರಾತ್ರಿಯ ಉಪವಾಸದವರಿಗೂ ಇಷ್ಟೇ ಗೌರವದ ಸಲಹೆ ಸಲ್ಲಬೇಕು.

ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಎಲ್ಲರಿಗೂ ಒಂದೇ ರೀತಿ ಹೊಂದುವುದಿಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಕಬ್ಬಿಣದ ಕೊರತೆಯಿದ್ದಾಗ ಈ ಪರೀಕ್ಷೆ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಚಾಮರಾಜನಗರ, ಮೈಸೂರು ಭಾಗದ ಸೋಲಿಗರು, ಜೇನುಕುರುಬರಲ್ಲಿ ಕಾಣುವ ಕುಡಗೋಲು ಕಣ ರೋಗವಿದ್ದರೆ ಅದನ್ನು ನಂಬುವಂತೆಯೇ ಇಲ್ಲ. ಇವರ ಹಾಡಿ, ಪೋಡುಗಳಿಗೆ ಹೋಗುವ ಸಮುದಾಯ ಆರೋಗ್ಯ ಅಧಿಕಾರಿಗಳಿಗೂ ಈ ತಿಳಿವಳಿಕೆ ಕೊಡಬೇಕು.

ಟೈಪ್ 1 ಮಧುಮೇಹವಿರುವ ಮಕ್ಕಳ ಬಗ್ಗೆ ಒಂದೇ ಕೋರಿಕೆ. ಸಿಬಿಎಸ್‌ಇ 2017ರಲ್ಲೇ ಇಂಥ ಮಕ್ಕಳು ಪರೀಕ್ಷಾ ಕೊಠಡಿಗೆ ಸಕ್ಕರೆ ಮಾತ್ರೆ, ಹಣ್ಣು, ತಿಂಡಿ ಒಯ್ಯಲು ಅವಕಾಶ ಕೊಟ್ಟಿದೆ. ನಮ್ಮ ರಾಜ್ಯದ ಪ್ರತಿ ಶಾಲೆಯಲ್ಲೂ, ಪ್ರತಿ ಪರೀಕ್ಷಾ ಕೇಂದ್ರದಲ್ಲೂ ಇದು ಮುಖ್ಯೋಪಾಧ್ಯಾಯರ ಮರ್ಜಿಗೆ ಬಿಡದ ನಿಯಮವಾಗುವಂತೆ ಶಾಲಾ ಶಿಕ್ಷಣ ಇಲಾಖೆಯೊಂದಿಗೆ ತಾವು ಪತ್ರ ವ್ಯವಹಾರ ನಡೆಸಬೇಕು. ಹೆಣ್ಣುಮಗುವಿನ ತಂದೆತಾಯಿ ಮುಂದೆ ಮದುವೆಯ ಮಾತು ಬಂದೀತೆಂದು ಕಾಯಿಲೆಯನ್ನೇ ಮುಚ್ಚಿಡುತ್ತಾರೆ. ಶಾಲೆಯಲ್ಲಿ ಯಾರಿಗೂ ಗೊತ್ತಿಲ್ಲದೆ ಆ ಮಗು ಶೌಚಾಲಯದಲ್ಲಿ ನಿಂತು ಇನ್ಸುಲಿನ್ ಚುಚ್ಚಿಕೊಳ್ಳುತ್ತದೆ. ಅಂಥ ಶಾಲೆಗೆ ಹೋಗಿ ಶಿಕ್ಷಕರೊಂದಿಗೆ ಮಾತನಾಡಲು ನಮಗೆ ಅಧಿಕೃತ ಪತ್ರ ಬೇಕು. ಈಗ ಹೋದರೆ ಗೇಟಿನಲ್ಲೇ ‘ನೀವ್ಯಾರು’ ಎನ್ನುತ್ತಾರೆ.

ಇಷ್ಟೆಲ್ಲಕ್ಕೂ ಸಮಯ ಬೇಕು. ಹೊಸದಾಗಿ ಇನ್ಸುಲಿನ್ ಶುರು ಮಾಡುವ ಒಬ್ಬರಿಗೆ ಅರ್ಧ ಗಂಟೆಯಾದರೂ ಮೀಸಲಿಡಬೇಕು, ವಾರದೊಳಗೆ ಇನ್ನೊಮ್ಮೆ ನೋಡಬೇಕು. ಪ್ರತಿ ಎನ್‌ಸಿಡಿ ಕ್ಲಿನಿಕ್‌ನಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಕೊಡಿ. ಲೈಂಗಿಕ ತೊಂದರೆ, ಮೂತ್ರದ ಸೋಂಕಿನ ಮಾತನ್ನು ಯಾರೂ ಕಾರಿಡಾರಿನ ಬೆಂಚಿನ ಮೇಲೆ ಆಡುವುದಿಲ್ಲ. ತಿಂಗಳ ವರದಿಯಲ್ಲಿ ಎಷ್ಟು ಜನರ ತಪಾಸಣೆಯಾಯಿತು, ಎಷ್ಟು ಮಾತ್ರೆ ಹೋಯಿತು ಎಂಬ ಕಾಲಂಗಳ ಪಕ್ಕದಲ್ಲಿ ಎಷ್ಟು ಜನ ತಮ್ಮ ಸಿರಿಂಜನ್ನು ತಾವೇ ಸರಿಯಾಗಿ ತುಂಬಿ ತೋರಿಸಿದರು ಎಂಬ ಒಂದು ಕಾಲಂ ಸೇರಿಸಿ. ಆಮೇಲೆ ವಿಶ್ವ ಮಧುಮೇಹ ದಿನವಾದ ನವೆಂಬರ್ 14ರ ಜಾಥಾ, ಬ್ಯಾನರುಗಳಿಗೆ ಖರ್ಚಾಗುವ ಹಣದಲ್ಲಿ ಒಂದಿಷ್ಟನ್ನು ಗ್ಲೂಕೋಮೀಟರ್ ಪಟ್ಟಿಗಳಿಗೆ ತಿರುಗಿಸಿದರೆ ಯಾರೂ ಬೇಸರಪಡಲಾರರು.

ಈ ಬೇಡಿಕೆಗಳ ಪೈಕಿ ಕೆಲವಕ್ಕೆ ಬಜೆಟ್ ಅನುಮೋದನೆ ಬೇಕು, ಕಾಯುತ್ತೇವೆ. ಸಿರಿಂಜ್ ಮತ್ತು ಬಾಟಲಿಯನ್ನು ಒಟ್ಟಿಗೇ ವಿತರಿಸಬೇಕೆಂಬ ಸುತ್ತೋಲೆ, ತರಬೇತಿಯಿಂದ ಕಂಪನಿಗಳನ್ನು ದೂರವಿಡುವ ಆದೇಶ, ಶಾಲೆಗಳಿಗೆ ಹೋಗಲು ಅಧಿಕೃತ ಪತ್ರ ಇವು ಮೂರಕ್ಕೆ ತಮ್ಮ ಸಹಿಯೇ ಸಾಕು. ಇವುಗಳ ಕರಡನ್ನು ನಾವೇ ಸಿದ್ಧಪಡಿಸಿ ಈ ಮನವಿಯೊಂದಿಗೆ ಲಗತ್ತಿಸಿದ್ದೇವೆ. ಚರ್ಚೆಗೆ ದಿನಾಂಕ ತಿಳಿಸಿದರೆ ಪ್ರತಿ ವಿಭಾಗದಿಂದ ಇಬ್ಬರಂತೆ ಬಂದು ಹಾಜರಾಗುತ್ತೇವೆ. ಕ್ಲಿನಿಕ್ ಇಲ್ಲದ ದಿನವಾದರೆ ಉತ್ತಮ.



ತಮ್ಮ ವಿಶ್ವಾಸಿಗಳು,
ಸಹಿ ಮಾಡಿದ ಮಧುಮೇಹ ಶಿಕ್ಷಕರು

ಪ್ರತಿಗಳು:
ಅಭಿಯಾನ ನಿರ್ದೇಶಕರು, ರಾಷ್ಟ್ರೀಯ ಆರೋಗ್ಯ ಅಭಿಯಾನ, ಬೆಂಗಳೂರು.
ಕುಲಪತಿಗಳು, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಬೆಂಗಳೂರು.
ನಿರ್ದೇಶಕರು, ಕರ್ನಾಟಕ ಎಂಡೋಕ್ರೈನಾಲಜಿ ಮತ್ತು ಸಂಶೋಧನಾ ಸಂಸ್ಥೆ, ಬೆಂಗಳೂರು.