ಹೆಂಡಿ, ಫಿನೈಲು ಮತ್ತು ನಡುವೆ ಸಿಕ್ಕ ನಾನು

ಜಾಲಹಳ್ಳಿ ಅಂದ ತಕ್ಷಣ ಬೆಂಗಳೂರಿನವರೆಲ್ಲ "ಓ, ಬಿಇಎಲ್ ಹತ್ರಾನಾ?" ಅಂತಾರೆ. ಅಲ್ಲ ಸ್ವಾಮಿ, ನಮ್ಮದು ರಾಯಚೂರು ಜಿಲ್ಲೆ ದೇವದುರ್ಗ ತಾಲೂಕಿನ ಜಾಲಹಳ್ಳಿ. ಟ್ರಾಫಿಕ್ ಇಲ್ಲ, ಬಿಸಿಲು ಮಾತ್ರ ಬೇಕಾದಷ್ಟಿದೆ :)

ಈ ಸಲ ಯುಗಾದಿಗೆ ಹೋದಾಗ ಮನೆಯಲ್ಲಿ ಯುದ್ಧ. ಕಾರಣ ಹೆಂಡಿ. (ನಮ್ಮ ಕಡೆ ಹೆಂಡಿ ಅಂದ್ರೆ ಸಗಣಿ, ಬೇರೇನೋ ಅಂದ್ಕೋಬೇಡಿ!) ಅಣ್ಣ ಮುಂದಿನ ಎರಡು ರೂಮಿಗೆ ಟೈಲ್ಸ್ ಹಾಕಿಸಿದ್ದಾನೆ. ಹಿಂದಿನ ಹಳೇ ಪಡಸಾಲೆ ಇನ್ನೂ ಮಣ್ಣಿನ ನೆಲ. ಹಬ್ಬಕ್ಕೆ ಎಲ್ಲಾ ಕಡೆ ಹೆಂಡಿ ಮುಟ್ಟಿಸಲೇಬೇಕು ಅಂತ ಅವ್ವ. ಎಲ್ಲಾ ಕಡೆ ಫಿನೈಲು ಅಂತ ಅತ್ತಿಗೆ. ಹಿಂದಿನ ವಾರವಷ್ಟೇ ಅಣ್ಣನ ಒಂದೂವರೆ ವರ್ಷದ ಮಗನಿಗೆ ವಾಂತಿ-ಭೇದಿಯಾಗಿ ಎರಡು ದಿನ ಸಲೈನ್ ಹಾಕಿಸಿದ್ದರು. ಹಾಗಾಗಿ ಇಬ್ಬರ ಮಾತಿಗೂ ಖಾರ ಜಾಸ್ತಿ.

"ದನದ ಹೇಲು ಬಳದು ಮನಿ ಸ್ವಚ್ಛ ಆಯ್ತು ಅಂತೀರಲ್ಲ ಅತ್ತಿ" ಅಂತ ಇವರು.

"ಆ ಬಾಟ್ಲಿ ನೀರಾಗ ಏನ್ ಅಮೃತ ಐತೇನು? ಕೂಸು ಅದರ ಮ್ಯಾಲೇ ಅಂಬೆಗಾಲು ಇಡ್ತೈತಿ" ಅಂತ ಅವರು.

"ನೀ ಇಂಜಿನಿಯರ್ ಅದಿಯಲ್ಲ, ನೀನೇ ಹೇಳು" ಅಂತ ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಬರೆಯೋದು ಕೋಡ್, ಸಾರಿಸೋದು ನನಗೇನು ಗೊತ್ತು? ಆದ್ರೂ ಬಗ್ ಹುಡುಕೋ ಥರ ಕೂತು ಯೋಚಿಸಿದೆ.

ಅವ್ವನ ವಾದದಲ್ಲಿ ತಿರುಳಿದೆ. ಮಣ್ಣಿನ ನೆಲ ಒಣಗಿದರೆ ಧೂಳೇಳುತ್ತೆ. ಹೆಂಡಿಯಲ್ಲಿರೋ ನಾರು ಆ ಧೂಳನ್ನ ಹಿಡಿದಿಡುತ್ತೆ. ಅದು ಒಂಥರಾ ಬಡವರ ಪ್ಲಾಸ್ಟರ್. ಆದರೆ ಟೈಲ್ಸ್ ಮೇಲೆ ಹಿಡಿದಿಡೋಕೆ ಏನಿದೆ? ಜೊತೆಗೆ ಹೆಂಡಿಯಲ್ಲಿ ಹೊಟ್ಟೆ ಕೆಡಿಸೋ ಬ್ಯಾಕ್ಟೀರಿಯಾ, ಧನುರ್ವಾಯುವಿನ ಬೀಜಾಣು ಇರಬಹುದು ಅನ್ನೋದೂ ಸತ್ಯ.

ಅತ್ತಿಗೆಯ ವಾದಕ್ಕೂ ಇತಿಹಾಸ ಇದೆ. 1865ರಲ್ಲಿ ಗ್ಲಾಸ್ಗೋದ ಡಾಕ್ಟರ್ ಜೋಸೆಫ್ ಲಿಸ್ಟರ್ ಗಾಯಗಳಿಗೆ ಕಾರ್ಬಾಲಿಕ್ ಆಸಿಡ್ ಹಚ್ಚಿ ಕೀವಾಗೋದನ್ನ ತಡೆದ. ನಮ್ಮ ಕರೀ ಫಿನೈಲು ಅದರ ದೂರದ ಸಂಬಂಧಿ. ಆದರೆ ಮಣ್ಣಿನ ನೆಲಕ್ಕೆ ಸುರಿದರೆ ಮಣ್ಣೇ ಅದನ್ನ ಕುಡಿದುಬಿಡುತ್ತೆ. ಬ್ಲೀಚಿಂಗ್ ಪೌಡರಿನದೂ ಇದೇ ಕಥೆ, ಕೊಳೆ ಇದ್ದಲ್ಲಿ ಕೊಳೆ ಜೊತೆಗೇ ಗುದ್ದಾಡಿ ಸುಸ್ತಾಗುತ್ತೆ. (ಅದನ್ನ ಟಾಯ್ಲೆಟ್ ಆಸಿಡ್ ಜೊತೆ ಮಾತ್ರ ಯಾವತ್ತೂ ಬೆರೆಸಬೇಡಿ. ಬರೋದು ಕ್ಲೋರಿನ್ ಅನಿಲ.)

ಅಂದ್ರೆ ಅವ್ವ ಮಾತಾಡ್ತಿರೋದು ಹಿಂದಿನ ಪಡಸಾಲೆ ಬಗ್ಗೆ, ಅತ್ತಿಗೆ ಮಾತಾಡ್ತಿರೋದು ಮುಂದಿನ ರೂಮಿನ ಬಗ್ಗೆ. ಇಬ್ಬರೂ ಒಂದೇ ನೆಲದ ಮೇಲೆ ನಿಂತು ಜಗಳ ಆಡ್ತಾನೇ ಇಲ್ಲ!

ಆಮೇಲೆ ಒಂದು ಪ್ರಶ್ನೆ ಕೇಳಿದೆ. "ಎಲ್ಲದಕ್ಕಿಂತ ಮೊದಲು ಏನ್ ಮಾಡ್ತೀರಿ?" ಇಬ್ಬರೂ ಒಟ್ಟಿಗೇ ಅಂದರು, "ಕಸ ಹೊಡೀಬೇಕಲ್ಲ!" ಅಲ್ಲೇ ಇತ್ತು ನೋಡಿ. ಕಸ ಹೊಡೆಯದೆ ಸಾರಿಸಿದರೆ ದರಿದ್ರ ಅಂತಾಳೆ ಅವ್ವ. ಕೊಳೆ ತೆಗೆಯದೆ ಫಿನೈಲು ಹಾಕಿದ್ರೆ ದಂಡ ಅಂತಾರೆ ಅತ್ತಿಗೆ. ಮೊದಲು ತೆಗೆ, ಆಮೇಲೆ ಹಚ್ಚು. ಭಾಷೆ ಬೇರೆ, ನಿಯಮ ಒಂದೇ. ಇನ್ನೊಂದೂ ಇದೆ. ಹೆಂಡಿ ಮುಟ್ಟಿದ ಕೈಯಲ್ಲಿ ಅವ್ವ ಕುಡಿಯೋ ನೀರಿನ ಕೊಡ ಮುಟ್ಟಲ್ಲ, ಫಿನೈಲು ಮುಟ್ಟಿದ ಕೈಯಲ್ಲಿ ಅತ್ತಿಗೆಯೂ ಮುಟ್ಟಲ್ಲ.

ಕೂಸಿನ ಹೊಟ್ಟೆ ಕೆಟ್ಟಿದ್ದು ಯಾವುದರಿಂದ ಅಂತ ಈಗ ಹೇಳೋಕಾಗಲ್ಲ. ಆದ್ರೆ 2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಸತ್ತಿದ್ದನ್ನ ನಮ್ಮ ಜಿಲ್ಲೆಯವರು ಮರೆತಿಲ್ಲ. ನೆಲದ ಬಗ್ಗೆ ಇಷ್ಟು ಜಗಳ ಆಡಿದ ನಾವು ನೀರು ಕಾಯಿಸೋ ಬಗ್ಗೆ, ಸೋಪಿನಲ್ಲಿ ಕೈ ತೊಳೆಯೋ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಕೊನೆಗೆ ಒಪ್ಪಂದ ಆಯ್ತು. ಪಡಸಾಲೆಗೆ, ಅಂಗಳಕ್ಕೆ ಹೆಂಡಿ, ಮುಗಿದ ಮೇಲೆ ಸೋಪು. ಟೈಲ್ಸಿಗೆ ನೀರು, ಅಳತೆ ಮೀರದ ಫಿನೈಲು, ಒಣಗೋವರೆಗೆ ಕೂಸು ಹೊರಗೆ. ಕುಡಿಯೋ ನೀರು ಕಾಯಿಸಿಯೇ.

ಗೆದ್ದೆ ಅಂತ ಬೀಗುತ್ತಿದ್ದಾಗ ಅವ್ವ, "ಮೊದಲು ಕಸ ಹೊಡೀಬೇಕು ಅಂತ ನೀನೇ ಅಂದೆಲ್ಲ?" ಅಂತ ಕಸಬರಿಗೆ ಕೈಗಿಟ್ಟಳು. ಅತ್ತಿಗೆ ನಕ್ಕರು. ಆ ವಾರದಲ್ಲಿ ಇಬ್ಬರೂ ಪೂರ್ತಿ ಒಪ್ಪಿದ ಎರಡನೇ ವಿಷಯ ಅದು. ಎರಡು ರೂಮು ಹೊಡೆಯೋಷ್ಟರಲ್ಲಿ ನನ್ನ ಸೊಂಟ ಹೋಯ್ತು. ಅವ್ವ ಇದನ್ನ ಮೂವತ್ತು ವರ್ಷದಿಂದ ಮಾಡ್ತಿದ್ದಾಳೆ. ನಾನು, ಅಣ್ಣ ಇಷ್ಟು ವರ್ಷ ತೀರ್ಪು ಮಾತ್ರ ಕೊಡ್ತಿದ್ವಿ.

ನಿಮ್ಮ ಮನೇಲಿ ಯಾರು ಗೆದ್ದಿದ್ದಾರೆ, ಹೆಂಡಿನಾ ಫಿನೈಲಾ? ಹಾಗೇ, ಕಸಬರಿಗೆ ಯಾರ ಕೈಲಿದೆ ಅಂತಾನೂ ಹೇಳಿ :)